ಗಾಳಿಯ ಹಂಗಿಲ್ಲದ ಬೆಂಕಿ

ಊರಿನಲ್ಲಿ ಮನೆಗೆ ಬೆಂಕಿ ಬಿದ್ದರೆ ನೆರೆಯವರು ಕೊಡ ಹಿಡಿದು ಓಡಿಬರುತ್ತಾರೆ. ಪಟ್ಟಣವಾದರೆ ಗಂಟೆ ಬಾರಿಸುತ್ತ ಅಗ್ನಿಶಾಮಕ ದಳದ ವಾಹನ ಬರುತ್ತದೆ. ಇವೆರಡೂ ಒದಗದೆ ಹೋದರೆ ಮನೆಮಂದಿ ಬೀದಿಗೆ ಬಂದು ನಿಂತಾದರೂ ಜೀವ ಉಳಿಸಿಕೊಳ್ಳುತ್ತಾರೆ. ಕಡಲಿನ ನಡುವೆ ಸಾಗುತ್ತಿರುವ ಹಡಗಿಗೆ ಈ ಮೂರು ಅನುಕೂಲಗಳಲ್ಲಿ ಒಂದೂ ಇಲ್ಲ. ನೆರೆಯ ಹಡಗು ನೂರಾರು ಮೈಲಿ ಆಚೆ ಇರಬಹುದು. ಹೊರಗೆ ಬಂದು ನಿಲ್ಲೋಣವೆಂದರೆ ಬೀದಿಯಿಲ್ಲ, ಇರುವುದು ನೀರು. ಹಡಗನ್ನು ನಡೆಸುವ ಇಪ್ಪತ್ತು, ಇಪ್ಪತ್ತೈದು ಮಂದಿಯೇ ಅಲ್ಲಿನ ಅಗ್ನಿಶಾಮಕ ದಳ. ಅಡುಗೆಯವನೂ ಆ ದಳದಲ್ಲಿ ಒಬ್ಬ.

ಈ ಪುಟ್ಟ ದಳಕ್ಕೆ ಬೆಂಕಿ ಆರಿಸುವ ವಿದ್ಯೆ ಹೊಸದೇನಲ್ಲ. ಟೈಟಾನಿಕ್ ಹಡಗು ೧೯೧೨ರಲ್ಲಿ ಮುಳುಗಿದ ಬಳಿಕ, ಕಡಲಿನಲ್ಲಿ ಜೀವರಕ್ಷಣೆಯನ್ನು ಕುರಿತು ರಾಷ್ಟ್ರಗಳು ೧೯೧೪ರಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಅದರ ಪರಿಷ್ಕೃತ ರೂಪ ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿಯೊಬ್ಬ ನಾವಿಕನೂ ತಿಂಗಳಿಗೆ ಒಂದು ಸಲವಾದರೂ ಅಗ್ನಿಶಮನದ ಕವಾಯತಿನಲ್ಲಿ ಭಾಗವಹಿಸಬೇಕು. ನಾವಿಕರ ಶಿಕ್ಷಣವನ್ನು ಕುರಿತ ೧೯೭೮ರ ಒಪ್ಪಂದ ಮತ್ತೊಂದುಂಟು. ಕಾಲಕಾಲಕ್ಕೆ ತಿದ್ದಲ್ಪಟ್ಟಿರುವ ಆ ಒಪ್ಪಂದದಂತೆ, ಬೆಂಕಿಯೊಡನೆ ಹೋರಾಡುವುದನ್ನು ನಾವಿಕನು ಕಲಿತಿರಬೇಕಷ್ಟೇ ಅಲ್ಲ, ಕಲಿತದ್ದು ಮರೆತಿಲ್ಲವೆಂಬುದನ್ನು ಐದು ವರ್ಷಕ್ಕೊಮ್ಮೆ ರುಜುವಾತು ಮಾಡಿ ತೋರಿಸಬೇಕು.

ಇಷ್ಟೆಲ್ಲ ಏರ್ಪಾಡು ಇದ್ದರೂ, ಈಚಿನ ವರ್ಷಗಳಲ್ಲಿ ಪಳಗಿದ ನಾವಿಕರನ್ನು ಕೂಡ ಮತ್ತೆ ಪಾಠಶಾಲೆಗೆ ಕರೆಯಬೇಕಾಗಿ ಬಂದಿದೆ. ಅದಕ್ಕೆ ಕಾರಣ ನಮ್ಮೆಲ್ಲರ ಜೇಬಿನಲ್ಲಿಯೂ ಇರುವ ಒಂದು ವಸ್ತು: ಲಿಥಿಯಂ-ಅಯಾನ್ ಬ್ಯಾಟರಿ.

ಸರಕು ಬದಲಾಯಿತು

ಈ ಬ್ಯಾಟರಿ ಮೊದಲು ಮಾರುಕಟ್ಟೆಗೆ ಬಂದದ್ದು ೧೯೯೧ರಲ್ಲಿ, ಜಪಾನಿನ ಸೋನಿ ಸಂಸ್ಥೆಯಿಂದ. ಅದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಮೊದಮೊದಲು ಕ್ಯಾಮೆರಾ, ದೂರವಾಣಿಗಳಲ್ಲಿದ್ದ ಬ್ಯಾಟರಿ ಈಗ ಕಾರು, ಬಸ್ಸುಗಳನ್ನು ಓಡಿಸುತ್ತಿದೆ. ಈ ವಾಹನಗಳು ಒಂದು ಖಂಡದಿಂದ ಇನ್ನೊಂದಕ್ಕೆ ಹೋಗುವುದು ಹಡಗಿನಲ್ಲಿ. ಕಾರು ಸಾಗಿಸುವ ಒಂದು ದೊಡ್ಡ ಹಡಗೆಂದರೆ ಹತ್ತು ಹನ್ನೆರಡು ಅಂತಸ್ತಿನ ತೇಲುವ ಉಗ್ರಾಣ. ಅದರೊಳಗೆ ನಾಲ್ಕೈದು ಸಾವಿರ ಕಾರುಗಳನ್ನು, ನಡುವೆ ಮನುಷ್ಯ ನುಸುಳುವುದೂ ಕಷ್ಟವೆಂಬಂತೆ, ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ.

೨೦೨೨ರ ಫೆಬ್ರವರಿ ೧೬ರಂದು ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಬಳಿ ಫೆಲಿಸಿಟಿ ಏಸ್ ಎಂಬ ಇಂಥದೊಂದು ಹಡಗಿಗೆ ಬೆಂಕಿ ಹತ್ತಿತು. ಅದರಲ್ಲಿದ್ದ ೨೨ ಮಂದಿಯೂ ಪಾರಾದರು. ಆದರೆ ಸುಮಾರು ನಾಲ್ಕು ಸಾವಿರ ವಾಹನಗಳೊಡನೆ ಹಡಗು ಮಾರ್ಚ್ ೧ರಂದು ಮುಳುಗಿತು. ೨೦೨೩ರ ಜುಲೈ ತಿಂಗಳಲ್ಲಿ ನೆದರ್ಲೆಂಡ್ಸಿನ ಅಮೆಲ್ಯಾಂಡ್ ದ್ವೀಪದ ಬಳಿ ಫ್ರಿಮ್ಯಾಂಟಲ್ ಹೈವೇ ಎಂಬ ಹಡಗು ಉರಿಯಿತು. ಅದರ ನಾವಿಕರಲ್ಲಿ ಹೆಚ್ಚಿನವರು ಭಾರತೀಯರು. ಬೆಂಕಿ ಎಷ್ಟು ಬೇಗ ಹಬ್ಬಿತೆಂದರೆ ಕೆಲವರು ಆ ಎತ್ತರದಿಂದ ನೇರವಾಗಿ ಕಡಲಿಗೆ ಹಾರಬೇಕಾಯಿತು. ನಮ್ಮ ದೇಶದ ಒಬ್ಬ ನಾವಿಕ ಪ್ರಾಣ ಕಳೆದುಕೊಂಡ. ೨೦೨೫ರ ಜೂನ್ ೩ರಂದು ಅಲಾಸ್ಕಾದ ದಕ್ಷಿಣಕ್ಕೆ ಪೆಸಿಫಿಕ್ ಸಾಗರದಲ್ಲಿ ಮಾರ್ನಿಂಗ್ ಮೈಡಾಸ್ ಎಂಬ ಹಡಗಿನಲ್ಲಿ, ವಿದ್ಯುತ್ ಕಾರುಗಳನ್ನು ನಿಲ್ಲಿಸಿದ್ದ ಅಂತಸ್ತಿನಿಂದ ಹೊಗೆ ಕಾಣಿಸಿತು. ನಾವಿಕರು ತಮ್ಮಲ್ಲಿದ್ದ ಸಾಧನಗಳಿಂದ ಹೋರಾಡಿ, ಬೆಂಕಿ ಬಗ್ಗದಿದ್ದಾಗ ದೋಣಿ ಇಳಿಸಿದರು. ಎಲ್ಲ ೨೨ ಮಂದಿಯನ್ನೂ ಹತ್ತಿರದ ಸರಕು ಹಡಗು ಎತ್ತಿಕೊಂಡಿತು. ಮೂರು ವಾರ ಕಳೆಯುವುದರೊಳಗೆ ಮಾರ್ನಿಂಗ್ ಮೈಡಾಸ್ ಸಾಗರದ ತಳ ಸೇರಿತು.

ಈ ಎಲ್ಲ ಹಡಗುಗಳಿಗೂ ಬೆಂಕಿ ಹಚ್ಚಿದ್ದು ಬ್ಯಾಟರಿಯೇ ಎಂದು ಹೇಳುವಂತಿಲ್ಲ. ವಿದ್ಯುತ್ ಕಾರು ಪೆಟ್ರೋಲ್ ಕಾರಿಗಿಂತ ಹೆಚ್ಚು ಸಲ ಹೊತ್ತಿಕೊಳ್ಳುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ಹಾಗಿದ್ದರೂ ಬ್ಯಾಟರಿಯ ಬೆಂಕಿಗೆ ಬೇರೆಯೇ ಶಿಕ್ಷಣ ಬೇಕು. ಏಕೆ ಬೇಕು ಎಂಬುದನ್ನು ತಿಳಿಯಲು ನಾವು ಬೆಂಕಿಯ ಸ್ವಭಾವವನ್ನೇ ಸ್ವಲ್ಪ ವಿಚಾರಿಸಬೇಕಾಗುತ್ತದೆ.

ಹಳೆಯ ತ್ರಿಕೋನ

ಶಾಲೆಯ ಪಾಠದಲ್ಲಿ ನಾವೆಲ್ಲರೂ ಕಲಿತಿರುವ ಸಂಗತಿ ಇದು: ಬೆಂಕಿ ಉರಿಯಬೇಕಾದರೆ ಮೂರು ಕೂಡಬೇಕು. ಉರಿಯುವ ವಸ್ತು ಒಂದು, ಗಾಳಿಯಲ್ಲಿರುವ ಆಮ್ಲಜನಕ ಎರಡು, ಸಾಕಷ್ಟು ಕಾವು ಮೂರು. ಇವನ್ನು ತ್ರಿಕೋನದ ಮೂರು ಬಾಹುಗಳೆಂದು ಭಾವಿಸಬಹುದು. ಯಾವುದೇ ಒಂದು ಬಾಹುವನ್ನು ತೆಗೆದರೂ ತ್ರಿಕೋನ ಕುಸಿಯುತ್ತದೆ. ಒಲೆಯ ಕೆಂಡದ ಮೇಲೆ ಬೂದಿ ಮುಚ್ಚುವಾಗ ನಮ್ಮ ಅಜ್ಜಿಯರು ಮಾಡುತ್ತಿದ್ದುದು ಗಾಳಿಯ ಬಾಹುವನ್ನು ಮುರಿಯುವ ಕೆಲಸವನ್ನೇ.

ಹಡಗಿನಲ್ಲಿ ಈ ಉಪಾಯ ವಿಶೇಷವಾಗಿ ಒಪ್ಪುತ್ತದೆ. ಹಡಗಿನ ಒಳಭಾಗ ಉಕ್ಕಿನ ಪೆಟ್ಟಿಗೆ. ಬಾಗಿಲು, ಗಾಳಿಗಂಡಿಗಳನ್ನು ಮುಚ್ಚಿದರೆ ಹೊರಗಿನ ಗಾಳಿಗೆ ಪ್ರವೇಶವಿಲ್ಲ. ಆಮೇಲೆ ಇಂಗಾಲದ ಡೈಆಕ್ಸೈಡನ್ನು ಒಳಗೆ ಬಿಡುತ್ತಾರೆ. ವಾಹನಗಳಿರುವ ಅಂಕಣಗಳಲ್ಲಿ ಅತಿ ದೊಡ್ಡದರ ಗಾತ್ರದ ಶೇಕಡಾ ೪೫ರಷ್ಟನ್ನಾದರೂ ತುಂಬುವಷ್ಟು ಅನಿಲವನ್ನು ಹಡಗು ಹೊತ್ತಿರಬೇಕು. ಅದರಲ್ಲಿ ಮೂರನೆಯ ಎರಡು ಪಾಲು ಹತ್ತು ನಿಮಿಷದೊಳಗೆ ಒಳಗೆ ನುಗ್ಗಬೇಕು ಎಂದು ನಿಯಮ. ಗಾಳಿ ಸಿಗದೆ ಬೆಂಕಿ ಉಸಿರುಗಟ್ಟಿ ಸಾಯುತ್ತದೆ. ತಲೆತಲಾಂತರದಿಂದ ನಾವಿಕರ ಮನಸ್ಸಿನಲ್ಲಿ ಬೇರೂರಿದ ಸೂತ್ರ ಇದು: ಮುಚ್ಚು, ಉಸಿರುಗಟ್ಟಿಸು, ತೆರೆದು ನೋಡು.

ಲಿಥಿಯಂ-ಅಯಾನ್ ಬ್ಯಾಟರಿಯ ಮುಂದೆ ಈ ಸೂತ್ರದ ಎರಡನೆಯ ಮಾತು ಅರ್ಧ ಮಾತ್ರ ನಿಜ; ಮೂರನೆಯದಂತೂ ಪ್ರಾಣಾಂತಿಕವಾಗಬಲ್ಲದು.

ಕೋಶದ ಒಳಗೆ ನಡೆಯುವುದೇನು?

ಬ್ಯಾಟರಿಯೆಂಬುದು ಅನೇಕ ಸಣ್ಣ ಕೋಶಗಳ ಕಟ್ಟು. ಪ್ರತಿ ಕೋಶದಲ್ಲಿಯೂ ಎರಡು ಧ್ರುವಗಳಿವೆ. ಒಂದರಲ್ಲಿ ಲಿಥಿಯಂ ಕೂಡಿದ ಲೋಹದ ಆಕ್ಸೈಡು, ಇನ್ನೊಂದರಲ್ಲಿ ಸೀಸದಕಡ್ಡಿಯೊಳಗಿರುವಂಥ ಗ್ರಾಫೈಟು. ವಿದ್ಯುತ್ ತುಂಬುವಾಗ ಲಿಥಿಯಂ ಅಯಾನುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೂ, ಬಳಸುವಾಗ ಮರಳಿ ಮೊದಲಿನ ಕಡೆಗೂ, ಮಗ್ಗದ ಲಾಳಿಯಂತೆ ಓಡಾಡುತ್ತವೆ. ಅವು ಓಡಾಡುವ ದಾರಿ ಒಂದು ದ್ರವ. ಅದು ಸುಲಭವಾಗಿ ಹೊತ್ತಿಕೊಳ್ಳುವ ಜಾತಿಯದು. ಎರಡು ಧ್ರುವಗಳು ಒಂದನ್ನೊಂದು ಮುಟ್ಟದಂತೆ ನಡುವೆ ಒಂದು ಪ್ಲಾಸ್ಟಿಕ್ ತೆರೆಯಿದೆ. ಅದರ ದಪ್ಪ ತಲೆಗೂದಲಿನ ದಪ್ಪದ ಮೂರರಲ್ಲೊಂದು ಪಾಲು. ಕೋಶದ ಕ್ಷೇಮವೆಲ್ಲ ಈ ತೆಳುವಾದ ತೆರೆಯನ್ನು ಅವಲಂಬಿಸಿದೆ.

ಕೋಶಕ್ಕೆ ಪೆಟ್ಟು ಬೀಳಬಹುದು, ತಯಾರಿಕೆಯಲ್ಲಿ ಲೋಪವಿರಬಹುದು, ಮಿತಿಮೀರಿ ವಿದ್ಯುತ್ ತುಂಬಿರಬಹುದು, ಅಥವಾ ಪಕ್ಕದಲ್ಲಿ ಬೇರೇನೋ ಉರಿದು ಕಾವು ತಗಲಬಹುದು. ಒಳಗಿನ ಉಷ್ಣತೆ ಸುಮಾರು ೯೦ ಡಿಗ್ರಿ ಸೆಂಟಿಗ್ರೇಡ್ ಮುಟ್ಟುವ ಹೊತ್ತಿಗೆ ಗ್ರಾಫೈಟಿನ ಮೇಲಿನ ರಕ್ಷಣೆಯ ಪೊರೆ ಒಡೆಯತೊಡಗುತ್ತದೆ. ಆ ಕ್ರಿಯೆಯಿಂದಲೇ ಮತ್ತಷ್ಟು ಕಾವು ಹುಟ್ಟುತ್ತದೆ. ಸುಮಾರು ೧೩೦ ಡಿಗ್ರಿಯಲ್ಲಿ ನಡುವಿನ ತೆರೆ ಕರಗುತ್ತದೆ. ಧ್ರುವಗಳು ಒಂದಕ್ಕೊಂದು ತಗಲಿ ಕಾವು ಇನ್ನೂ ಏರುತ್ತದೆ. ೨೦೦ ಡಿಗ್ರಿಯ ಆಸುಪಾಸಿನಲ್ಲಿ, ಹಲವು ಬಗೆಯ ಬ್ಯಾಟರಿಗಳಲ್ಲಿ, ಲೋಹದ ಆಕ್ಸೈಡು ತಾನೇ ಒಡೆದು ಆಮ್ಲಜನಕವನ್ನು ಹೊರಗೆಡಹುತ್ತದೆ. ಕೊನೆಗೆ ಕೋಶದ ಉಷ್ಣತೆ ೬೦೦ ಡಿಗ್ರಿಯನ್ನೂ ಮೀರಬಹುದು.

ಹಸಿ ಹುಲ್ಲನ್ನು ಬಣವೆ ಒಟ್ಟಿದರೆ ಒಳಗೊಳಗೇ ಬಿಸಿಯಾಗಿ ಕೆಲವೊಮ್ಮೆ ಹೊತ್ತಿಕೊಳ್ಳುವುದನ್ನು ರೈತರು ಬಲ್ಲರು. ಹುಟ್ಟುವ ಕಾವು ಹೊರಗೆ ಹೋಗುವ ಕಾವಿಗಿಂತ ಹೆಚ್ಚಾದಾಗ ಹೀಗಾಗುತ್ತದೆ. ಬಣವೆಗೆ ದಿನಗಳು ಬೇಕು; ಬ್ಯಾಟರಿಗೆ ಕೆಲವು ನಿಮಿಷ, ಕೆಲವೊಮ್ಮೆ ಕೆಲವೇ ಕ್ಷಣ ಸಾಕು. ಕಡಿವಾಣ ಕಿತ್ತ ಕುದುರೆಯಂಥ ಈ ಕಾವಿನ ಓಟಕ್ಕೆ ಹೊರಗಿನ ಗಾಳಿ ಬೇಕಾಗಿಲ್ಲ ಎಂಬುದೇ ಇಲ್ಲಿ ಮುಖ್ಯವಾದ ಮಾತು. ಒಂದು ಕೋಶದ ಕಾವು ಪಕ್ಕದ ಕೋಶವನ್ನು ಕೆರಳಿಸುತ್ತದೆ, ಅದು ಮತ್ತೊಂದನ್ನು. ಸರಪಟಾಕಿಯಂತೆ ಒಂದಾದ ಮೇಲೊಂದು.

ಲೆಕ್ಕದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಸಾಮಾನ್ಯ ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ ೬೦ ಯೂನಿಟ್ ವಿದ್ಯುತ್ ಇದೆಯೆನ್ನೋಣ. ೪೦ ಲೀಟರ್ ಪೆಟ್ರೋಲ್ ಉರಿದರೆ ಹೊರಡುವ ಶಕ್ತಿ ಸುಮಾರು ೩೫೦ ಯೂನಿಟ್. ಬ್ಯಾಟರಿಯೊಳಗಿನ ದ್ರವ, ಪ್ಲಾಸ್ಟಿಕ್‌ಗಳು ಉರಿಯುವುದನ್ನು ಕೂಡಿಸಿಕೊಂಡರೆ ಅಂತರ ಕಡಮೆಯಾಗುತ್ತದೆ. ಆದರೂ ಬ್ಯಾಟರಿಯನ್ನು ಭಯಂಕರವೆನಿಸುವುದು ಶಕ್ತಿಯ ಮೊತ್ತವಲ್ಲ. ಪೆಟ್ರೋಲ್ ಗಾಳಿಯ ಹಂಗಿನಲ್ಲಿದೆ. ಗಾಳಿಯನ್ನು ತಡೆದವನ ಮಾತನ್ನು ಅದು ಕೇಳುತ್ತದೆ. ಬ್ಯಾಟರಿಯ ಒಳಗಿನ ಕಾವು ಆ ಮಾತಿಗೆ ಕಿವಿಗೊಡುವುದಿಲ್ಲ.

ಹೊಗೆಯೋ, ಸಿಡಿಮದ್ದೋ?

ಕೆರಳಿದ ಕೋಶ ಬಾಯಿಬಿಟ್ಟಾಗ ಬಿಳಿಯ ಹೊಗೆಯಂಥ ಆವಿ ಹೊರಡುತ್ತದೆ. ನೋಡಿದವರು ಇದನ್ನು ನೀರಾವಿಯೆಂದೋ ಸಾಮಾನ್ಯ ಹೊಗೆಯೆಂದೋ ತಿಳಿಯುವುದುಂಟು. ಅದರಲ್ಲಿ ಜಲಜನಕ, ಇಂಗಾಲದ ಮಾನಾಕ್ಸೈಡು, ಮೀಥೇನ್ ಮುಂತಾದ ಉರಿಯುವ ಅನಿಲಗಳಿರುತ್ತವೆ. ಜೊತೆಗೆ ಹೈಡ್ರೋಜನ್ ಫ್ಲೂರೈಡ್ ಎಂಬ ವಿಷವೂ ಇರುತ್ತದೆ. ಇದು ಶ್ವಾಸಕೋಶವನ್ನು ಸುಡುವುದಲ್ಲದೆ ಚರ್ಮದ ಮೂಲಕವೂ ಒಳಗೆ ಇಳಿಯಬಲ್ಲದು.

ಜ್ವಾಲೆಯಿದ್ದರೆ ಆ ಅನಿಲಗಳು ಅಲ್ಲಲ್ಲಿಯೇ ಉರಿದುಹೋಗುತ್ತವೆ. ಜ್ವಾಲೆಯನ್ನು ನಂದಿಸಿದೆವು, ಆದರೆ ಒಳಗಿನ ಕಾವನ್ನು ತಣಿಸಲಿಲ್ಲ ಎನ್ನೋಣ. ಆಗ ಅನಿಲ ಹೊರಡುತ್ತಲೇ ಇರುತ್ತದೆ, ಉರಿಯದೆ ಮುಚ್ಚಿದ ಕೋಣೆಯಲ್ಲಿ ಸಂಗ್ರಹವಾಗುತ್ತದೆ. "ಬೆಂಕಿ ಆರಿರಬೇಕು, ನೋಡೋಣ" ಎಂದು ಒಬ್ಬನು ಬಾಗಿಲು ತೆರೆದರೆ ಹೊರಗಿನ ಗಾಳಿ ನುಗ್ಗುತ್ತದೆ. ಒಂದು ಕಿಡಿ ಸಾಕು, ಕೋಣೆಯೇ ಸಿಡಿಯುತ್ತದೆ.

ನಾರ್ವೆ ದೇಶದಲ್ಲಿ ೨೦೧೯ರ ಅಕ್ಟೋಬರ್ ೧೦ರಂದು ಯಿತ್ತೆರೊಯ್ನಿಂಗೆನ್ ಎಂಬ ದಾಟುಹಡಗಿನ ಬ್ಯಾಟರಿ ಕೋಣೆಯಲ್ಲಿ ಸಣ್ಣ ಬೆಂಕಿ ಕಾಣಿಸಿಕೊಂಡಿತು. ಹಡಗು ದಡ ಸೇರಿತು, ಜನ ಇಳಿದರು, ಬೆಂಕಿ ಹತೋಟಿಗೆ ಬಂದಂತಾಯಿತು. ಮರುದಿನ ಬೆಳಗ್ಗೆ ಹಡಗಿನ ಒಳಗಡೆ ಭಾರಿ ಸ್ಫೋಟವಾಯಿತು. ಅನಿಲ ತಗಲಿದ ಹತ್ತಕ್ಕೂ ಹೆಚ್ಚು ಅಗ್ನಿಶಾಮಕರನ್ನು ಪರೀಕ್ಷೆಗಾಗಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಆ ಹಡಗು ದಡದಲ್ಲಿತ್ತು, ಸಮೀಪದಲ್ಲಿ ಆಸ್ಪತ್ರೆಯಿತ್ತು. ಇದೇ ಸಂಗತಿ ಸಾಗರದ ನಡುವೆ ನಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು. ನಾವಿಕರ ಹೊಸ ಪಾಠದ ಮೊದಲ ವಾಕ್ಯ ಈ ಘಟನೆಯಲ್ಲಿದೆ: ಜ್ವಾಲೆ ಕಾಣದಿರುವುದು ಬೆಂಕಿ ಆರಿದುದರ ಗುರುತಲ್ಲ.

ನೀರು: ಮಿತ್ರನೂ ಹೌದು, ಶತ್ರುವೂ ಹೌದು

ಗಾಳಿಯ ಬಾಹುವನ್ನು ಮುರಿದು ಪ್ರಯೋಜನ ಸಾಲದಾದರೆ ಉಳಿಯುವುದು ಕಾವಿನ ಬಾಹು. ಅದಕ್ಕೆ ನೀರಿಗೆ ಸಮನಾದ ಸಾಧನ ಬೇರೊಂದಿಲ್ಲ. ೩೦ ಡಿಗ್ರಿಯಲ್ಲಿರುವ ಒಂದು ಗ್ರಾಂ ನೀರು ಕುದಿಯುವ ಮಟ್ಟಕ್ಕೆ ಬರಲು ೭೦ ಕ್ಯಾಲೊರಿ ಹೀರುತ್ತದೆ. ಆವಿಯಾಗಲು ಮತ್ತೆ ೫೪೦ ಕ್ಯಾಲೊರಿ. ಅದೇ ಒಂದು ಗ್ರಾಂ ಇಂಗಾಲದ ಡೈಆಕ್ಸೈಡು ಒಂದು ಡಿಗ್ರಿ ಬಿಸಿಯಾಗಲು ೦.೨ ಕ್ಯಾಲೊರಿ ಮಾತ್ರ ತೆಗೆದುಕೊಳ್ಳುತ್ತದೆ. ಆದುದರಿಂದ ಉಸಿರುಗಟ್ಟಿಸುವುದರಲ್ಲಿ ಶೂರನಾದ ಆ ಅನಿಲ ತಣಿಸುವುದರಲ್ಲಿ ಬಡವ.

ಹಾಗಾದರೆ ಸುತ್ತಲೂ ನೀರಿರುವಾಗ ಚಿಂತೆಯೇಕೆ? ಚಿಂತೆಗೆ ಕಾರಣಗಳಿವೆ. ಮೊದಲನೆಯದಾಗಿ, ಕಾರಿನ ಬ್ಯಾಟರಿ ನೀರು ಹೋಗದಂತೆ ಭದ್ರಪಡಿಸಿದ ಪೆಟ್ಟಿಗೆಯೊಳಗೆ, ಕಾರಿನ ಅಡಿಯಲ್ಲಿರುತ್ತದೆ. ಮೇಲಿನಿಂದ ಸುರಿದ ನೀರು ಕಾವಿನ ಮೂಲವನ್ನು ಮುಟ್ಟುವುದೇ ಇಲ್ಲ. ಎರಡನೆಯದಾಗಿ, ಸಮುದ್ರದ ನೀರು ಉಪ್ಪಿನ ನೀರು. ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಅದು ಬ್ಯಾಟರಿಯೊಳಗೆ ಸೇರಿದರೆ ಹೊಸ ಅಡ್ಡದಾರಿಗಳಲ್ಲಿ ವಿದ್ಯುತ್ ಹರಿದು ಕಾವು ಹುಟ್ಟಬಹುದು; ನೀರು ಒಡೆದು ಜಲಜನಕವೂ ಹೊರಡಬಹುದು.

ಮೂರನೆಯ ಕಾರಣ ಹಡಗಿಗೇ ವಿಶಿಷ್ಟವಾದುದು. ನಿಮಿಷಕ್ಕೆ ಒಂದು ಟನ್ನು ನೀರು ಸುರಿದರೆ ಗಂಟೆಗೆ ೬೦ ಟನ್ನಾಯಿತು. ಅದು ಮೇಲಿನ ಅಂತಸ್ತಿನಲ್ಲಿ ನಿಂತರೆ, ತಟ್ಟೆಯಲ್ಲಿ ನೀರು ಹೊತ್ತು ನಡೆಯುವವನ ಕಷ್ಟ ಹಡಗಿಗೂ ಒದಗುತ್ತದೆ. ಹಡಗು ಕೊಂಚ ವಾಲಿದರೆ ನೀರೆಲ್ಲ ಆ ಬದಿಗೆ ಓಡಿ ವಾಲನ್ನು ಹೆಚ್ಚಿಸುತ್ತದೆ. ೧೯೪೨ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಾರ್ಮಂಡಿ ಎಂಬ ಪ್ರಸಿದ್ಧ ಹಡಗಿಗೆ ಬೆಂಕಿ ಬಿದ್ದಾಗ ಸುರಿದ ನೀರಿನ ಭಾರದಿಂದಲೇ ಅದು ಮಗುಚಿತು. ೨೦೦೬ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ ಈಜಿಪ್ಟಿನ ಅಲ್ ಸಲಾಂ ಬೊಕಾಚಿಯೊ ೯೮ ಎಂಬ ಪ್ರಯಾಣಿಕರ ಹಡಗಿನಲ್ಲಿ ವಾಹನಗಳ ಅಂತಸ್ತಿಗೆ ಬೆಂಕಿ ತಗಲಿತು. ಆರಿಸಲು ಹಾಯಿಸಿದ ನೀರು ಹೊರಗೆ ಹರಿಯದೆ ನಿಂತು ಹಡಗು ಮಗುಚಿತು. ಸುಮಾರು ಸಾವಿರ ಜನ ಸತ್ತರು. ಬೆಂಕಿಯನ್ನು ಗೆದ್ದು ನೀರಿಗೆ ಸೋಲುವುದೂ ಸೋಲೇ ಅಲ್ಲವೇ?

ತರಬೇತಿಯ ಅಂಗಳದಲ್ಲಿ

ಈಗ ನಾವಿಕರಿಗೆ ಏನನ್ನು ಕಲಿಸುತ್ತಾರೆಂಬುದನ್ನು ನೋಡೋಣ. ಸ್ವೀಡನ್ನಿನ ಸಂಶೋಧನಾ ಸಂಸ್ಥೆಯೊಂದರ ಮುಂದಾಳುತನದಲ್ಲಿ ಯೂರೋಪಿನ ದೇಶಗಳು ೨೦೧೯ರಿಂದ ೨೦೨೩ರವರೆಗೆ ವಾಹನ ಹೊರುವ ಹಡಗುಗಳ ಬೆಂಕಿಯನ್ನು ಕುರಿತು ದೊಡ್ಡ ಪ್ರಮಾಣದ ಪ್ರಯೋಗಗಳನ್ನು ನಡೆಸಿದವು. ಯೂರೋಪಿನ ಕಡಲ ಸುರಕ್ಷಾ ಸಂಸ್ಥೆ ೨೦೨೨ರಲ್ಲಿ ವಿದ್ಯುತ್ ವಾಹನಗಳನ್ನು ಸಾಗಿಸುವ ಕ್ರಮಕ್ಕೆ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ಇಂಥ ಅನುಭವಗಳಿಂದ ಹೊಸ ಪಾಠಗಳು ರೂಪುಗೊಂಡಿವೆ.

ಮೊದಲ ಪಾಠ ಗುರುತಿಸುವುದು. ಬುಸುಗುಟ್ಟುವ ಸದ್ದು, ಪಟಪಟನೆ ಸಿಡಿಯುವ ಸದ್ದು, ನೆಲಮಟ್ಟದಲ್ಲಿ ಹರಿಯುವ ಬಿಳಿಯ ಆವಿ, ಇವು ಜ್ವಾಲೆಗಿಂತ ಮುಂಚೆ ಬರುವ ದೂತರು. ಕಣ್ಣಿಗೆ ಕಾಣದ ಕಾವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾವನ್ನು ನಾವಿಕರ ಕೈಗೆ ಕೊಟ್ಟು, ಹೊಗೆ ತುಂಬಿದ ಉಕ್ಕಿನ ಕೋಣೆಯಲ್ಲಿ ಬಿಸಿಯಾದ ವಸ್ತು ಯಾವುದೆಂದು ಹುಡುಕಿಸುತ್ತಾರೆ. ಬೆಂಕಿಯನ್ನು ಐದು ನಿಮಿಷ ಮೊದಲು ಕಂಡವನಿಗೆ ಇರುವ ಆಯ್ಕೆಗಳು ಐದು ನಿಮಿಷ ತಡವಾಗಿ ಕಂಡವನಿಗೆ ಇರುವುದಿಲ್ಲ.

ಎರಡನೆಯ ಪಾಠ ಬೇಗ ನಿರ್ಧರಿಸುವುದು. ಇಂಗಾಲದ ಡೈಆಕ್ಸೈಡು ಬ್ಯಾಟರಿಯ ಒಳಗಿನ ಕಾವನ್ನು ನಿಲ್ಲಿಸಲಾರದು ಎಂದೆವು. ಹಾಗೆಂದ ಮಾತ್ರಕ್ಕೆ ಅದು ನಿಷ್ಪ್ರಯೋಜಕವಲ್ಲ. ಕಾರಿನಲ್ಲಿ ಬ್ಯಾಟರಿಯಲ್ಲದೆ ಟೈರು, ಆಸನ, ಪ್ಲಾಸ್ಟಿಕ್ ಎಲ್ಲವೂ ಉರಿಯುತ್ತವೆ. ಬೆಂಕಿ ಕಾರಿನಿಂದ ಕಾರಿಗೆ ಹಾರುವುದು ಇವುಗಳ ಮೂಲಕ. ಸಾಕಷ್ಟು ಮೊದಲೇ ಅನಿಲವನ್ನು ಬಿಟ್ಟರೆ ಈ ಹಬ್ಬುವಿಕೆಯನ್ನು ತಡೆಯಬಹುದು. ಆದರೆ ಆ ಅನಿಲ ಮನುಷ್ಯನನ್ನೂ ಕೊಲ್ಲುತ್ತದೆ. ಆದುದರಿಂದ ಕಪ್ತಾನನು ಬಿಡಲು ಆಜ್ಞೆ ಕೊಡುವ ಮುನ್ನ ಪ್ರತಿಯೊಬ್ಬನ ಹೆಸರನ್ನೂ ಕೂಗಿ ತಲೆ ಎಣಿಸಬೇಕು, ಗಾಳಿಗಂಡಿಗಳನ್ನೆಲ್ಲ ಮುಚ್ಚಿಸಬೇಕು. ಕವಾಯತಿನಲ್ಲಿ ಈ ಎಣಿಕೆಯನ್ನೂ ಮುಚ್ಚುವಿಕೆಯನ್ನೂ ಗಡಿಯಾರ ಹಿಡಿದು ಮತ್ತೆ ಮತ್ತೆ ಮಾಡಿಸುತ್ತಾರೆ. ಎಣಿಕೆ ಐದು ನಿಮಿಷ ತಡವಾದರೆ ಹಡಗು ಹೋಗಬಹುದು. ಎಣಿಕೆ ತಪ್ಪಿದರೆ ಮನುಷ್ಯ ಹೋಗುತ್ತಾನೆ.

ಮೂರನೆಯ ಪಾಠ ಸುತ್ತುಗಟ್ಟುವುದು. ಬೆಂಕಿಯಿರುವ ಅಂಕಣವನ್ನು ಆರು ಮುಖಗಳ ಪೆಟ್ಟಿಗೆಯೆಂದು ಭಾವಿಸಿ, ಮೇಲೆ, ಕೆಳಗೆ, ನಾಲ್ಕು ಬದಿಗಳಲ್ಲಿಯೂ ಉಕ್ಕಿನ ಗೋಡೆಗಳನ್ನು ಹೊರಗಿನಿಂದ ನೀರು ಹಾಯಿಸಿ ತಂಪಾಗಿಡಬೇಕು. ಹೊತ್ತಿಕೊಂಡ ಕಾರನ್ನು ಉಳಿಸುವುದು ಇಲ್ಲಿ ಉದ್ದೇಶವಲ್ಲ, ಪಕ್ಕದ್ದನ್ನು ಉಳಿಸುವುದು. ನೀರನ್ನು ಧಾರೆಗಿಂತ ನುಣ್ಣನೆಯ ತುಂತುರಾಗಿ ಬಳಸಿದರೆ ಕಡಮೆ ನೀರಿನಲ್ಲಿ ಹೆಚ್ಚು ಕಾವು ಹೀರಬಹುದು. ಕಾರಿನ ಅಡಿಗೆ ತಳ್ಳಿ ಮೇಲ್ಮುಖವಾಗಿ ನೀರು ಚಿಮ್ಮಿಸುವ ಸಲಕರಣೆಯೂ, ಗಾಜಿನ ನಾರಿನಿಂದ ನೇಯ್ದ ದೊಡ್ಡ ಬೆಂಕಿಹೊದಿಕೆಯೂ ಬಂದಿವೆ. ಬಯಲಿನಲ್ಲಿ ಇಬ್ಬರು ನಿಮಿಷದೊಳಗೆ ಕಾರಿನ ಮೇಲೆ ಎಳೆಯಬಲ್ಲ ಹೊದಿಕೆಯನ್ನು ಒತ್ತೊತ್ತಾಗಿ ನಿಂತ ಕಾರುಗಳ ನಡುವೆ ಎಳೆಯಲಾಗುವುದೇ? ಅದನ್ನು ತಮ್ಮ ಹಡಗಿನಲ್ಲಿಯೇ ಮಾಡಿ ನೋಡಿದವರಿಗೆ ಮಾತ್ರ ಸಾಧನದ ಶಕ್ತಿಯೂ ಮಿತಿಯೂ ತಿಳಿಯುತ್ತವೆ.

ನಾಲ್ಕನೆಯ ಪಾಠ ತನ್ನ ಮೈಯನ್ನು ಕಾಯುವುದು. ಬೆನ್ನಿನ ಮೇಲಿನ ಗಾಳಿಯ ಸಿಲಿಂಡರು ಅರ್ಧ ಗಂಟೆಯ ಉಸಿರಿಗೆ ಸಾಕಾದೀತು. ಬೆಂಕಿಯ ಹತ್ತಿರ ಹೋಗಿ ಬರುವ ದಾರಿಯೂ ಅದರಲ್ಲಿಯೇ ಸೇರಿತು. ಹೊರಬಂದ ಮೇಲೆ ಉಡುಪನ್ನು ತೊಳೆಯದೆ ಕೈಯಿಂದ ಮುಟ್ಟಬಾರದು, ಅದೇ ಉಡುಪಿನಲ್ಲಿ ವಸತಿ ಕೋಣೆಗಳಿಗೆ ಕಾಲಿಡಬಾರದು. ಫ್ಲೂರೈಡಿನ ವಿಷ ಚರ್ಮಕ್ಕೆ ತಗಲಿದರೆ ಹೇರಳವಾಗಿ ನೀರು ಹಾಕಿ ತೊಳೆದು ಕ್ಯಾಲ್ಸಿಯಂ ಗ್ಲುಕೊನೇಟ್ ಲೇಪವನ್ನು ಹಚ್ಚಬೇಕು.

ಐದನೆಯ ಪಾಠ ಕಾಯುವುದು. ಇದೇ ಎಲ್ಲಕ್ಕಿಂತ ಕಠಿಣ. ನಾವಿಕನ ರಕ್ತದಲ್ಲಿರುವುದು ಮುನ್ನುಗ್ಗುವ ಗುಣ. ಬಾಗಿಲಾಚೆ ಬೆಂಕಿಯಿದೆಯೆಂದು ಗೊತ್ತಿದ್ದೂ, ಬಾಗಿಲನ್ನು ಮುಟ್ಟದೆ, ಗೋಡೆಯ ಉಷ್ಣತೆಯನ್ನು ಗಂಟೆಗೊಮ್ಮೆ ಬರೆದುಕೊಳ್ಳುತ್ತ ದಿನಗಟ್ಟಲೆ ಕುಳಿತಿರುವುದು ಅವನಿಗೆ ಶಿಕ್ಷೆಯಂತೆ ತೋರುತ್ತದೆ. ಆದರೆ ಒಮ್ಮೆ ಕೆರಳಿದ ಬ್ಯಾಟರಿ ಗಂಟೆಗಳ, ದಿನಗಳ ಬಳಿಕವೂ ಮತ್ತೆ ಹೊತ್ತಿಕೊಳ್ಳಬಲ್ಲದು. ಹೊಸದನ್ನು ಕಲಿಯುವುದಕ್ಕಿಂತ ಹಳೆಯ ಅಭ್ಯಾಸವನ್ನು ಬಿಡುವುದು ಕಷ್ಟ. ತರಬೇತಿಯ ಬಹುಭಾಗ ಹೀಗೆ ಬಿಡಿಸುವುದರಲ್ಲಿಯೇ ಕಳೆಯುತ್ತದೆ.

ಕಲಿತವರಿಗೆ ಏನು ಫಲ?

೨೦೨೩ರ ಡಿಸೆಂಬರಿನಲ್ಲಿ ಜೀನಿಯಸ್ ಸ್ಟಾರ್ ೧೧ ಎಂಬ ಸರಕು ಹಡಗು ವಿಯೆಟ್ನಾಮಿನಿಂದ ಅಮೆರಿಕದ ಸ್ಯಾನ್ ಡಿಯೇಗೊಗೆ ಹೊರಟಿ‌ತ್ತು. ಅದರಲ್ಲಿದ್ದುದು ಸುಮಾರು ೧,೯೦೦ ಟನ್ನು ಲಿಥಿಯಂ-ಅಯಾನ್ ಬ್ಯಾಟರಿ. ಕ್ರಿಸ್ಮಸ್ ದಿನ ಅದರ ಸರಕು ಕೋಣೆಯಲ್ಲಿ ಬೆಂಕಿ ಹುಟ್ಟಿತು. ಇದಕ್ಕಿಂತ ಭೀಕರವಾದ ಸನ್ನಿವೇಶವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಅದರ ೧೯ ಮಂದಿ ನಾವಿಕರು ಇಂಗಾಲದ ಡೈಆಕ್ಸೈಡನ್ನು ಬಿಟ್ಟರು. ಸ್ಫೋಟವಾದೀತೆಂಬ ಎಚ್ಚರದಿಂದ ಬಾಗಿಲನ್ನು ಭದ್ರವಾಗಿ ಮುಚ್ಚಿದರು. ಹಡಗನ್ನು ಅಲಾಸ್ಕಾದ ಡಚ್ ಹಾರ್ಬರಿನ ಕಡೆಗೆ ತಿರುಗಿಸಿದರು. ಯಾರೊಬ್ಬರಿಗೂ ಗಾಯವಾಗಲಿಲ್ಲ, ಹಡಗೂ ಮುಳುಗಲಿಲ್ಲ.

೨೦೨೦ರ ಜನವರಿಯಲ್ಲಿ ಚೀನದಿಂದ ಮುಂಬಯಿಯ ನವಾ ಶೇವಾ ಬಂದರಿಗೆ ಬರುತ್ತಿದ್ದ ಕಾಸ್ಕೊ ಪೆಸಿಫಿಕ್ ಹಡಗಿನ ಒಂದು ಪೆಟ್ಟಿಗೆಯಲ್ಲಿ ಬೆಂಕಿ ಎದ್ದಿತು. ನಾವಿಕರು ಅದನ್ನು ಆರಿಸಿದರು. ವಿಚಾರಿಸಿದಾಗ ಪೆಟ್ಟಿಗೆಯಲ್ಲಿದ್ದುದು ಲಿಥಿಯಂ ಬ್ಯಾಟರಿಗಳೆಂದು ಹೊರಬಿತ್ತು. ಕಾಗದಪತ್ರಗಳಲ್ಲಿ ಮಾತ್ರ ಬಿಡಿಭಾಗಗಳು ಎಂದು ಬರೆದಿತ್ತು. ಅಪಾಯದ ಸರಕುಗಳಿಗೆ ವಿಶ್ವಸಂಸ್ಥೆಯ ಸಂಖ್ಯೆಗಳುಂಟು. ಲಿಥಿಯಂ-ಅಯಾನ್ ಬ್ಯಾಟರಿಯ ಸಂಖ್ಯೆ ೩೪೮೦. ಪೆಟ್ಟಿಗೆಯ ಮೇಲೆ ಈ ನಾಲ್ಕು ಅಂಕಿಗಳಿದ್ದರೆ ನಾವಿಕನು ಎಲ್ಲಿ ಇಡಬೇಕು, ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬುದನ್ನು ಮೊದಲೇ ಯೋಚಿಸಿರುತ್ತಾನೆ. ದಡದಲ್ಲಿ ಕುಳಿತವನು ಬರೆದ ಒಂದು ಸುಳ್ಳು ಆ ಯೋಚನೆಯನ್ನೇ ಕಸಿದುಕೊಳ್ಳುತ್ತದೆ. ತರಬೇತಿ ನಾವಿಕರಿಗೆ ಮಾತ್ರ ಸಾಲದು ಎಂಬುದಕ್ಕೆ ಇದು ನಿದರ್ಶನ.

ಸಣ್ಣ ಬ್ಯಾಟರಿಯನ್ನು ಕಡೆಗಣಿಸುವಂತೆಯೂ ಇಲ್ಲ. ೨೦೨೨ರ ನವೆಂಬರಿನಲ್ಲಿ ಅಮೆರಿಕದ ಲೂಯಿಸಿಯಾನ ಪ್ರಾಂತದಲ್ಲಿ ಎಸ್-ಟ್ರಸ್ಟ್ ಎಂಬ ತೈಲದ ಹಡಗು ನದಿಯ ಕಟ್ಟೆಯ ಬಳಿ ನಿಂತಿತ್ತು. ಅದರ ಚಾಲನಾ ಕೊಠಡಿಯಲ್ಲಿ ಮೇಜಿನ ಮೇಲೆ ವಿದ್ಯುತ್ ತುಂಬಲು ಇಟ್ಟಿದ್ದ ಕೈ-ರೇಡಿಯೊ ಬ್ಯಾಟರಿಯ ಒಂದು ಕೋಶ ಸಿಡಿಯಿತು. ಕೊಠಡಿಯ ಉಪಕರಣಗಳು ಸುಟ್ಟು ಮೂವತ್ತು ಲಕ್ಷ ಡಾಲರುಗಳಷ್ಟು ನಷ್ಟವಾಯಿತು. ಅಂಗೈಯಲ್ಲಿ ಅಡಗುವ ವಸ್ತು ಹಡಗನ್ನು ಕುರುಡಾಗಿಸಿತು. ಯಾರೂ ಇಲ್ಲದ ಕೋಣೆಯಲ್ಲಿ ಬ್ಯಾಟರಿಗೆ ವಿದ್ಯುತ್ ತುಂಬಬಾರದು, ಉಬ್ಬಿದ ಬ್ಯಾಟರಿಯನ್ನು ಬಳಸಬಾರದು ಎಂಬುದು ಆದಕಾರಣ ನಾವಿಕರ ದಿನಚರಿಯ ಪಾಠ. ನಮ್ಮ ಮನೆಗಳಿಗೂ ಇದು ಸಲ್ಲುವ ಮಾತೇ.

ಫ್ರಿಮ್ಯಾಂಟಲ್ ಹೈವೇ ಹಡಗಿನ ಕಥೆಗೆ ಒಂದು ಉಪಸಂಹಾರವುಂಟು. ಅದನ್ನು ಬಂದರಿಗೆ ಎಳೆದುತಂದು ಒಳಗೆ ಹೋಗಿ ನೋಡಿದಾಗ ಮೇಲಿನ ಅಂತಸ್ತುಗಳು ಸುಟ್ಟು ಕರಿಕಾಗಿದ್ದವು. ಕೆಳಗಿನ ಅಂತಸ್ತುಗಳಲ್ಲಿ ಸುಮಾರು ಸಾವಿರ ಕಾರುಗಳು ಕೆಡದೆ ಉಳಿದಿದ್ದವು. ಅವುಗಳಲ್ಲಿ ಅರ್ಧದಷ್ಟು ವಿದ್ಯುತ್ ಕಾರುಗಳು! ಬೆಂಕಿಯ ಸುದ್ದಿ ಬಂದ ದಿನ ಎಲ್ಲರೂ ಬೆರಳು ತೋರಿಸಿದ್ದು ಅವುಗಳ ಕಡೆಗೇ. ಹೆದರಿಕೆಯಿಂದ ಹುಟ್ಟಿದ ಊಹೆ ವಿಜ್ಞಾನವಲ್ಲ. ಬ್ಯಾಟರಿಯನ್ನು ಶಪಿಸುವುದರಿಂದ ಯಾವ ನಾವಿಕನ ಪ್ರಾಣವೂ ಉಳಿಯುವುದಿಲ್ಲ. ಅದರ ಸ್ವಭಾವವನ್ನು ಅರಿತರೆ ಉಳಿದೀತು.

ಈ ವಿಷಯ ನಮಗೆ ದೂರದ್ದಲ್ಲ. ೨೦೨೫ರ ಜೂನ್ ೯ರಂದು ಕೇರಳದ ಕಡಲಿನಲ್ಲಿ ವಾನ್ ಹೈ ೫೦೩ ಎಂಬ ಪೆಟ್ಟಿಗೆಹಡಗು ಹೊತ್ತಿ ಉರಿದಾಗ, ಬದುಕಿ ಉಳಿದ ೧೮ ಮಂದಿಯನ್ನು ನಮ್ಮ ನೌಕಾಪಡೆಯ ಐಎನ್‌ಎಸ್ ಸೂರತ್ ಕರೆತಂದುದು ಮಂಗಳೂರಿಗೆ. ನಾಲ್ವರು ಹಿಂತಿರುಗಲಿಲ್ಲ. ಅಲ್ಲಿ ಉರಿದುದು ಬ್ಯಾಟರಿಯೆಂದು ನಾವು ಹೇಳುತ್ತಿಲ್ಲ. ಕಡಲಿನ ಬೆಂಕಿ ನಮ್ಮ ಕರಾವಳಿಯ ಬಾಗಿಲಿಗೂ ಬರುತ್ತದೆಂದಷ್ಟೇ ಹೇಳುತ್ತಿದ್ದೇವೆ. ಲೋಕದ ಹಡಗುಗಳಲ್ಲಿ ದುಡಿಯುವ ಭಾರತೀಯರ ಸಂಖ್ಯೆ ದೊಡ್ಡದು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿಯೂ ಕೆಲವರು ನಾಳೆ ಹಡಗು ಹತ್ತಬಹುದು; ಮತ್ತೆ ಕೆಲವರು ಕೆರಳದ ಬ್ಯಾಟರಿಯನ್ನೋ, ಸುರಕ್ಷಿತವಾದ ಹಡಗನ್ನೋ ನಿರ್ಮಿಸಬಹುದು. ಕರಗದ ತೆರೆ, ಹೊತ್ತಿಕೊಳ್ಳದ ದ್ರವ, ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿಡುವ ಧ್ರುವ, ಇವಕ್ಕಾಗಿ ಪ್ರಯೋಗಶಾಲೆಗಳಲ್ಲಿ ಹುಡುಕಾಟ ನಡೆದೇ ಇದೆ. ಅವು ಕೈಸೇರುವವರೆಗೆ, ಸೇರಿದ ಮೇಲೂ, ಕಡಲಿನ ನಡುವೆ ಹೊಗೆ ಕಂಡ ಆ ಗಳಿಗೆಯಲ್ಲಿ ಹಡಗನ್ನು ಕಾಯುವುದು ಇಪ್ಪತ್ತು ಮಂದಿಯ ತಿಳಿವಳಿಕೆ; ಯಾವ ಬಾಗಿಲನ್ನು ಮುಚ್ಚಬೇಕು, ಯಾವುದನ್ನು ತೆರೆಯಬಾರದು ಎಂಬ ತಿಳಿವಳಿಕೆ.